ಅಪ್ಪಯ್ಯನ ಹೊಟ್ಟೆ, ತಂಗಳನ್ನ, ಬಾಳೆದಿಂಡು: ಯಾರಿಗಾದರೂ ಸರಿಯಾಗಿ ಗೊತ್ತಾ?

ತುಂಗಾದಂಡೆ · ಭಾನುವಾರ ರಾತ್ರಿ 9:40

ಊಟ ಮಾಡುತ್ತಾ ಓದುತ್ತಿದ್ದರೆ ಆಮೇಲೆ ಬನ್ನಿ. ವಿಷಯ ಕಕ್ಕಸಿನದ್ದು.

ನಮ್ಮ ಅಪ್ಪಯ್ಯನಿಗೆ 71 ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ತೋಟ, ಗದ್ದೆ ಅಂತ ಓಡಾಡಿಕೊಂಡಿದ್ದವರು. ಮಂಡಿ ನೋವು ಜಾಸ್ತಿಯಾಯಿತು ಅಂತ ಮೂರು ತಿಂಗಳ ಹಿಂದೆ ಅಪ್ಪಯ್ಯ, ಅಮ್ಮ ಇಬ್ಬರನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಬಂದೆವು. ಬಂದ ವಾರದಿಂದಲೇ ಅಪ್ಪಯ್ಯನಿಗೆ ಹೊಟ್ಟೆ ಕಟ್ಟಲು ಶುರು. ಈಗ ಮೂರು ದಿನಕ್ಕೊಮ್ಮೆ, ಅದೂ ಅರ್ಧ ಗಂಟೆ ತಿಣುಕಿದ ಮೇಲೆ. ಊರಿನಲ್ಲಿದ್ದಾಗ ಬೆಳಿಗ್ಗೆ ಕಾಫಿ ಕುಡಿದು ತೋಟದ ಕಡೆ ಒಂದು ಸುತ್ತು ಹೋಗಿ ಬಂದರೆ ಮುಗಿಯುತ್ತಿತ್ತು. ಇದೊಂದು ಮಾತಾಡುವ ವಿಷಯವೇ ಆಗಿರಲಿಲ್ಲ.

ಹೋದ ತಿಂಗಳು ಅತ್ತಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿದರು. ರಾತ್ರಿಯ ಅನ್ನವನ್ನು ಬೆಳಿಗ್ಗೆ ಮಜ್ಜಿಗೆ ಹಾಕಿ ತಿಂದರೆ ಅದರಲ್ಲಿ ರೆಸಿಸ್ಟೆಂಟ್ ಸ್ಟಾರ್ಚ್ ಹತ್ತು ಪಟ್ಟು ಆಗಿರುತ್ತದಂತೆ. ಮಲಬದ್ಧತೆ, ಸಕ್ಕರೆ ಕಾಯಿಲೆ, ಕರುಳಿನ ಕ್ಯಾನ್ಸರ್ ಎಲ್ಲ ಓಡಿಹೋಗುತ್ತದಂತೆ. ಅಪ್ಪಯ್ಯ ಹದಿನೈದು ದಿನದಿಂದ ಭಕ್ತಿಯಿಂದ ತಿನ್ನುತ್ತಿದ್ದಾರೆ. ಹೊಟ್ಟೆ ಇದ್ದ ಹಾಗೇ ಇದೆ. ಇದು ಸುಮ್ನೆ ಗಾಳಿಮಾತಾ, ಇಲ್ಲ ನಾವೇ ಏನಾದರೂ ತಪ್ಪು ಮಾಡುತ್ತಿದ್ದೇವಾ?

ಕೊನೆಗಾರ · 9:58

ತಂಗಳನ್ನಕ್ಕೆ ಕ್ಯಾನ್ಸರ್ ಓಡುವುದಾದರೆ ನಮ್ಮ ಮನೆ ನಾಯಿ ನೂರು ವರ್ಷ ಬದುಕಬೇಕಿತ್ತು ಅಕ್ಕ.

ಮಲೆನಾಡಹಕ್ಕಿ · 10:15

ನಗಬೇಡ ಮಾರಾಯ. ನಮ್ಮ ಅಜ್ಜ 92 ವರ್ಷ ಬದುಕಿದರು. ಬೆಳಿಗ್ಗೆ ತಂಗಳನ್ನ, ಗಟ್ಟಿ ಮೊಸರು, ಮಿಡಿ ಉಪ್ಪಿನಕಾಯಿ. ಒಂದು ದಿನವೂ ಡಾಕ್ಟರ ಮುಖ ನೋಡಿದವರಲ್ಲ. ಹಿರಿಯರಿಗೆ ಎಲ್ಲ ಗೊತ್ತಿತ್ತು. ಈಗ ಅದಕ್ಕೇ ಇಂಗ್ಲಿಷ್ ಹೆಸರಿಟ್ಟು ನಮಗೇ ಮಾರುತ್ತಿದ್ದಾರೆ.

ತುಂಗಾದಂಡೆಯವರೇ, ತಂಗಳನ್ನದ ಜೊತೆ ರಾತ್ರಿ ಮಲಗುವಾಗ ಬಿಸಿ ಹಾಲಿಗೆ ಒಂದು ಚಮಚ ತುಪ್ಪ ಹಾಕಿ ಕೊಡಿ. ಕರುಳಿಗೆ ಬ್ಯುಟಿರೇಟ್ ಬೇಕು ಅಂತಾರಲ್ಲ, ಅದು ತುಪ್ಪದಲ್ಲೇ ಇದೆ. ನಾರು ಗೀರು ಏನೂ ಬೇಕಾಗಿಲ್ಲ.

ಬಾಳೆದಿಂಡು · ಸೋಮವಾರ ಬೆಳಿಗ್ಗೆ 6:35

ಸಾಗರದಿಂದ ನಮಸ್ಕಾರ. ನಾನು ಡಾಕ್ಟರಲ್ಲ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಸ್ವಂತ ಹೊಟ್ಟೆ ಕೆಟ್ಟ ಮೇಲೆ ಈ ವಿಷಯ ಓದುವ ಹುಚ್ಚು ಹತ್ತಿತು. ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಪಿಷ್ಟ ಅಂದರೆ ನಮ್ಮ ಗಂಜಿಯೇ. ಅಕ್ಕಿಯೊಳಗೆ ಅದು ಒತ್ತಿ ತುಂಬಿದ ಸಣ್ಣ ಹರಳುಗಳ ಹಾಗೆ ಇರುತ್ತದೆ. ನೀರು, ಬಿಸಿ ಎರಡೂ ಸೇರಿದಾಗ ಉಬ್ಬಿ, ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಆಗ ನಮ್ಮ ಕಿಣ್ವಗಳು ಸುಲಭವಾಗಿ ಕತ್ತರಿಸಿ ಸಕ್ಕರೆ ಮಾಡುತ್ತವೆ. ಅನ್ನ ತಣ್ಣಗಾಗುವಾಗ ಕೆಲವು ಎಳೆಗಳು ಮತ್ತೆ ಒಂದಕ್ಕೊಂದು ಅಂಟಿ ಬಿಗಿಯಾಗುತ್ತವೆ. ಬೆಳಿಗ್ಗೆ ಅನ್ನ ಗಟ್ಟಿಯಾಗಿ ಉದುರುದುರಾಗಿರುತ್ತದಲ್ಲ, ಅದು ಇದೇ. ಬಿಸಿ ಮಾಡಿದರೆ ಮೇಲೆ ಮೆತ್ತಗಾಗುತ್ತದೆ. ಆದರೆ ಅಮೈಲೋಸ್ ಅನ್ನುವ ಉದ್ದನೆಯ ಎಳೆಗಳು ಹೆಣೆದುಕೊಂಡದ್ದು ಕುದಿಯುವ ನೀರಿನ ಬಿಸಿಗೂ ಬಿಚ್ಚುವುದಿಲ್ಲ. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. 1982ರಲ್ಲಿ ಹ್ಯಾನ್ಸ್ ಇಂಗ್ಲಿಸ್ಟ್ ಮತ್ತು ಜೊತೆಗಾರರು ಇದಕ್ಕೆ ರೆಸಿಸ್ಟೆಂಟ್ ಸ್ಟಾರ್ಚ್ ಅಂತ ಹೆಸರಿಟ್ಟರು. ಅಲ್ಲಿಯವರೆಗೆ ಸಂದೇಶದಲ್ಲಿದ್ದದ್ದು ಸರಿ.

ಹತ್ತು ಪಟ್ಟು ಅನ್ನುವುದು ಮಾತ್ರ ಶುದ್ಧ ಬುರುಡೆ. 2015ರಲ್ಲಿ ಇಂಡೋನೇಷ್ಯಾದ ಒಂದು ತಂಡ ಬಿಳಿ ಅನ್ನವನ್ನು ಅಳೆದು ನೋಡಿದೆ. ಆಗ ತಾನೇ ಮಾಡಿದ 100 ಗ್ರಾಂ ಅನ್ನದಲ್ಲಿ ಈ ಪಿಷ್ಟ 0.64 ಗ್ರಾಂ. ಹತ್ತು ಗಂಟೆ ಹೊರಗೇ ಆರಲು ಬಿಟ್ಟ ಅನ್ನದಲ್ಲಿ 1.30. ಫ್ರಿಜ್ಜಿನಲ್ಲಿ 24 ಗಂಟೆ ಇಟ್ಟು ಮತ್ತೆ ಬಿಸಿ ಮಾಡಿದ್ದರಲ್ಲಿ 1.65. ಅಂದರೆ ಎರಡೂವರೆ ಪಟ್ಟು. ಒಂದು ದೊಡ್ಡ ಬಟ್ಟಲು ತಿಂದರೂ ಹೆಚ್ಚಿಗೆ ಸಿಗುವುದು ಒಂದೆರಡು ಗ್ರಾಂ. ಆ ಫ್ರಿಜ್ಜಿನ ಅನ್ನ ತಿಂದವರಿಗೆ ಸಕ್ಕರೆ ಏರಿದ್ದು ಸ್ವಲ್ಪ ಕಡಿಮೆ ಎನ್ನುವುದು ನಿಜ. ಹೊಟ್ಟೆ ಸಡಿಲ ಮಾಡಲು ಅಷ್ಟು ಎಲ್ಲಿ ಸಾಕು?

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅಡಿಕೆ ಕೊಯ್ಲು ನೆನಪು ಮಾಡಿಕೊಳ್ಳಿ. ಮರ ಹತ್ತುವ ಕೊನೆಗಾರನೇ ಬೇರೆ, ಕೆಳಗೆ ಕೊನೆ ಹಿಡಿಯುವವನೇ ಬೇರೆ, ಸುಲಿಯಲು ಕೂರುವವರೇ ಬೇರೆ. ಸುಲಿಯುವವರನ್ನು ಮರ ಹತ್ತಿಸಿದರೆ ಏನಾಗುತ್ತದೆ! ನಾರೂ ಹಾಗೆ. ಕೆಲವು ನಾರು ಮಲದ ಗಾತ್ರ ಹೆಚ್ಚಿಸಿ ಮುಂದೆ ತಳ್ಳುತ್ತದೆ: ದಪ್ಪ ತೌಡು, ಸೊಪ್ಪು, ತರಕಾರಿ. ಕೆಲವು ನೀರು ಹಿಡಿದು ಲೋಳೆಯಾಗಿ ಕೊನೆಯವರೆಗೂ ಹಾಗೇ ಉಳಿಯುತ್ತದೆ: ಇಸಬ್‌ಗೋಲ್. ಬ್ಯಾಕ್ಟೀರಿಯಾಗಳು ಅದನ್ನು ಹೆಚ್ಚು ಮುಟ್ಟುವುದೇ ಇಲ್ಲ, ಅದಕ್ಕೇ ಅದು ಕೆಲಸ ಮಾಡುವುದು. ರೆಸಿಸ್ಟೆಂಟ್ ಸ್ಟಾರ್ಚ್ ಇದಕ್ಕೆ ತದ್ವಿರುದ್ಧ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಪೂರಾ ತಿಂದುಬಿಡುತ್ತವೆ. ತಿಂದು ಬ್ಯುಟಿರೇಟ್‌ನಂಥ ಸಣ್ಣ ಆಮ್ಲಗಳನ್ನು ಬಿಡುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಆದರೆ ಎಲ್ಲ ತಿಂದು ಮುಗಿದ ಮೇಲೆ ತಳ್ಳಲು ಏನು ಉಳಿಯಿತು? ನಿಮ್ಮ ಅಪ್ಪಯ್ಯನಿಗೆ ಬೇಕಾದದ್ದು ಮರ ಹತ್ತುವವನು. ನೀವು ಕಳಿಸಿದ್ದು ಸುಲಿಯುವವರನ್ನು.

ಹಕ್ಕಿಯವರೇ, ತುಪ್ಪದಲ್ಲಿ ಬ್ಯುಟಿರಿಕ್ ಆಮ್ಲ ಇದೆ, ಸರಿ. ಆ ಹೆಸರೇ ಬೆಣ್ಣೆಯಿಂದ ಬಂದದ್ದು. ಆದರೆ ತಿಂದ ತುಪ್ಪದ್ದು ಸಣ್ಣ ಕರುಳಿನಲ್ಲೇ ಹೀರಿಕೊಂಡು ಹೋಗುತ್ತದೆ. ದೊಡ್ಡ ಕರುಳಿಗೆ ಬೇಕಾದದ್ದು ಅಲ್ಲಿಯೇ ತಯಾರಾಗಬೇಕು. ತುಪ್ಪ ತಿನ್ನಿ, ರುಚಿಗೆ ತಿನ್ನಿ.

ಕೊನೆಗಾರ · 7:20

ಟೀಚರ್, ನನ್ನ ಹೆಸರು ನೋಡಿಯೇ ಆ ಉದಾಹರಣೆ ಕೊಟ್ಟಿರಲ್ವಾ?

ಒಂದು ಅನುಮಾನ. ನಮ್ಮಲ್ಲಿ ಮಕ್ಕಳಿಗೆ ಭೇದಿಯಾದರೆ ಬಾಳೆಕಾಯಿ ಬೇಯಿಸಿ ಕೊಡುತ್ತಾರೆ. ಬಾಳೆಕಾಯಿ ತುಂಬ ಈ ಪಿಷ್ಟವೇ ಅಂತಾರೆ. ಹಾಗಾದರೆ ಅದು ಕಟ್ಟುವುದಾಯಿತು, ಬಿಡಿಸುವುದು ಎಲ್ಲಿಂದ?

ಬಾಳೆದಿಂಡು · 8:05

ಒಳ್ಳೆ ಪ್ರಶ್ನೆ. ನಿಮ್ಮ ಅಮ್ಮ ಮಾಡುತ್ತಿದ್ದದ್ದನ್ನು ಢಾಕಾದಲ್ಲಿ ಪರೀಕ್ಷೆ ಮಾಡಿದ್ದಾರೆ. ತುಂಬ ದಿನ ಭೇದಿ ನಿಲ್ಲದ ಮಕ್ಕಳಿಗೆ ಅನ್ನದ ಜೊತೆ ಬೇಯಿಸಿದ ಬಾಳೆಕಾಯಿ ಕೊಟ್ಟರು. ಬರೀ ಅನ್ನ ತಿಂದವರಿಗಿಂತ ಇವರು ಬೇಗ ಸುಧಾರಿಸಿದರು. ಅದು 2001ರಲ್ಲಿ ಪ್ರಕಟವಾಯಿತು. ಅದಕ್ಕೆ ಒಂದು ವರ್ಷ ಮೊದಲು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಬಿ.ಎಸ್. ರಾಮಕೃಷ್ಣ ಮತ್ತು ಜೊತೆಗಾರರು ಕಾಲರಾ ರೋಗಿಗಳಿಗೆ ಓಆರ್‌ಎಸ್‌ನಲ್ಲಿ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟ ಬೆರೆಸಿ ಕೊಟ್ಟಿದ್ದರು. ಭೇದಿ ಕಡಿಮೆಯಾಯಿತು, ಬೇಗ ನಿಂತಿತು.

ಯಾಕೆಂದರೆ ಬ್ಯಾಕ್ಟೀರಿಯಾ ಬಿಡುವ ಆ ಆಮ್ಲಗಳು ದೊಡ್ಡ ಕರುಳು ಉಪ್ಪು, ನೀರು ಹೀರಿಕೊಳ್ಳುವುದಕ್ಕೆ ನೆರವಾಗುತ್ತವೆ. ಭೇದಿಯಲ್ಲಿ ಬೇಕಾದದ್ದು ಅದೇ. ಕೆಲವು ಪರೀಕ್ಷೆಗಳಲ್ಲಿ ಈ ಪಿಷ್ಟ ಮಲವನ್ನು ಕೊಂಚ ಹೆಚ್ಚಿಸಿದ್ದೂ ಇದೆ, ಆದರೆ ತೌಡಿನಷ್ಟು ಅಲ್ಲ.

ಹಸಿ ಬಾಳೆಕಾಯಿಯಲ್ಲಿ ಇದು ತುಂಬಾ ಇದೆ, ಬೇಯಿಸಿದಾಗ ಬಹಳಷ್ಟು ಹೋಗುತ್ತದೆ, ಆರಿದಾಗ ಸ್ವಲ್ಪ ಮರಳುತ್ತದೆ. ಹಣ್ಣಾದರೆ ಸಕ್ಕರೆ. ನಿನ್ನೆಯ ಕಡುಬು ಹೆಚ್ಚಿ ಒಗ್ಗರಣೆ ಹಾಕುತ್ತೇವಲ್ಲ, ಆರಿದ ಗೆಣಸು, ಮಳೆಗಾಲದಲ್ಲಿ ಬೇಯಿಸುವ ಹಲಸಿನ ಬೀಜ, ಇಡೀ ಕಾಳುಗಳು: ಎಲ್ಲದರಲ್ಲೂ ಇಷ್ಟಿಷ್ಟು ಇದೆ. ಕುಚ್ಚಲಕ್ಕಿಯಲ್ಲಿ ಬೆಳ್ತಿಗೆಗಿಂತ ಒಂದು ಕೈ ಜಾಸ್ತಿ. ಬೇಯಿಸಿ ಒಣಗಿಸುವಾಗಲೇ ಪಿಷ್ಟ ಒಮ್ಮೆ ಬಿಗಿದುಕೊಂಡಿರುತ್ತದೆ.

ರಾತ್ರಿಪಾಳಿ · ಸೋಮವಾರ ಬೆಳಿಗ್ಗೆ 9:10

ವಾರ್ಡಿನಿಂದ ಈಗ ಬಂದೆ. ನಿದ್ದೆ ಮಾಡುವ ಮೊದಲು ಕೇಳಿಬಿಡುತ್ತೇನೆ. ತುಂಗಾದಂಡೆ ಅಕ್ಕ, ಎಲ್ಲರೂ ಏನು ತಿನ್ನಿಸಬೇಕು ಅಂತ ಹೇಳುತ್ತಿದ್ದಾರೆ. ಅಪ್ಪಯ್ಯನಿಗೆ ಈಗ ಏನೇನು ಕೊಡುತ್ತಿದ್ದೀರಿ ಅಂತ ಯಾರೂ ಕೇಳಲಿಲ್ಲ.

ಮಂಡಿ ನೋವಿಗೆ ಅಂತ ಕ್ಯಾಲ್ಸಿಯಂ ಮಾತ್ರೆ ಶುರು ಮಾಡಿದ್ದಾರಾ? ಕಬ್ಬಿಣದ ಮಾತ್ರೆ? ನೋವಿನ ಮಾತ್ರೆ, ಬಿಪಿ ಮಾತ್ರೆ ಯಾವುದು? ಇವುಗಳಲ್ಲಿ ಹಲವು ಹೊಟ್ಟೆ ಕಟ್ಟುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಪಟ್ಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಥೈರಾಯಿಡ್ ಕಡಿಮೆ ಇದ್ದರೂ ಹೀಗಾಗುತ್ತದೆ. ನೀರು ಎಷ್ಟು ಕುಡಿಯುತ್ತಾರೆ? ರಾತ್ರಿ ಎದ್ದು ಹೋಗಬೇಕಲ್ಲ ಅಂತ ಸಂಜೆಯ ಮೇಲೆ ನೀರು ಬಿಟ್ಟುಬಿಡುವ ಹಿರಿಯರು ತುಂಬಾ ಜನ. ನಡೆದಾಟ ಎಷ್ಟು? ಮತ್ತೆ, ಮನೆಯಲ್ಲಿ ಕಮೋಡಾ, ಕುಕ್ಕರಗಾಲಲ್ಲಿ ಕೂರುವ ಕಕ್ಕಸಾ?

ಇನ್ನೊಂದು. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣ ಇಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆ ಅಂತ ವರದಿ, 50ರ ಮೇಲೆ ಹೊಟ್ಟೆಯ ರೂಢಿ ಇದ್ದಕ್ಕಿದ್ದ ಹಾಗೆ ಬದಲಾಗುವುದು. ಇದರಲ್ಲಿ ಒಂದು ಇದ್ದರೂ ನಾರು, ತಂಗಳನ್ನ ಅಂತ ಮನೆಯಲ್ಲಿ ಕೂರಬಾರದು. ಅಪ್ಪಯ್ಯನ ವಿಷಯದಲ್ಲಿ ಕೊನೆಯದ್ದು ಈಗಾಗಲೇ ಇದೆ. ಊರು ಬಿಟ್ಟದ್ದೇ ಕಾರಣ ಇರಬಹುದು. ಆದರೂ ಒಮ್ಮೆ ತೋರಿಸಿ.

ಅಂದ ಹಾಗೆ ಆ ತಂಗಳನ್ನ ರಾತ್ರಿಯೆಲ್ಲ ಎಲ್ಲಿರುತ್ತದೆ?

ತುಂಗಾದಂಡೆ · 9:45

ಒಲೆ ಪಕ್ಕದಲ್ಲಿ, ಮುಚ್ಚಿ ಇಟ್ಟಿರುತ್ತೇನೆ. ಕ್ಯಾಲ್ಸಿಯಂ ಹೌದು, ಇಲ್ಲಿಗೆ ಬಂದ ಮೇಲೆ ಶುರುವಾದದ್ದು. ಕಮೋಡ್. ನೀರಿನ ವಿಷಯ ನೀವು ಹೇಳಿದ್ದು ನಮ್ಮ ಮನೆಗೆ ಬಂದು ನೋಡಿದ ಹಾಗಿದೆ.

ರಾತ್ರಿಪಾಳಿ · 9:52

ಮಾರ್ಚಿನ ಸೆಕೆಯಲ್ಲಿ, ಒಲೆ ಪಕ್ಕ! ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ. ಅದು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಬಿಡುತ್ತದೆ. ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಕ್ಕಿ ಅಣ್ಣನ ಅಜ್ಜನ ಕಾಲದಲ್ಲಿ ಅನ್ನಕ್ಕೆ ನೀರು ಹಾಕಿ ಇಡುತ್ತಿದ್ದರು, ಅದು ಹುಳಿ ಬರುತ್ತಿತ್ತು, ಮನೆಯೂ ತಂಪಾಗಿತ್ತು. ಇಲ್ಲಿ ಹಾಗಲ್ಲ. ಅಗಲ ತಟ್ಟೆಯಲ್ಲಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ, ಮಾರನೆ ದಿನ ಮುಗಿಸಿ. ಆಗಲಿಲ್ಲ ಅಂದರೆ ಬಿಸಿ ಅನ್ನವೇ ವಾಸಿ.

ಮಲೆನಾಡಹಕ್ಕಿ · ಮಧ್ಯಾಹ್ನ 1:30

ಎಲ್ಲದಕ್ಕೂ ಹೆದರಿಸುತ್ತೀರಲ್ಲ ಸಿಸ್ಟರ್. ಮೂಲವ್ಯಾಧಿ ಇದ್ದವರಿಗೆ ರಕ್ತ ಬರುವುದು ಸಹಜ ಅಲ್ವಾ? ಅದಕ್ಕೂ ಆಸ್ಪತ್ರೆಗೆ ಓಡಬೇಕಾ?

ರಾತ್ರಿಪಾಳಿ · 1:34

ಅಣ್ಣ, ಇದು ಯಾರ ವಿಷಯ?

ಕೊಪ್ಪದಹುಡುಗ · ಸಂಜೆ 6:50

ನನ್ನ ಕಥೆಯೂ ಕೇಳಿ. ಊರು ಕೊಪ್ಪ, ಕೆಲಸ ಬೆಂಗಳೂರಿನಲ್ಲಿ. ಹೋದ ವರ್ಷ ಇದೇ ನಾರಿನ ವಿಡಿಯೊ ನೋಡಿ ಒಂದೇ ದಿನ ಎಲ್ಲ ಶುರು ಮಾಡಿದೆ. ಬೆಳಿಗ್ಗೆ ಮೊಳಕೆ ಕಾಳು, ಮಧ್ಯಾಹ್ನ ಹುರುಳಿ, ಸಂಜೆ ಆನ್‌ಲೈನಿನಲ್ಲಿ ತರಿಸಿದ ಹಸಿ ಆಲೂ ಪಿಷ್ಟ ನಾಲ್ಕು ಚಮಚ. ನಾಲ್ಕನೇ ದಿನ ಹೊಟ್ಟೆ ಮದ್ದಲೆ. ಮೀಟಿಂಗಿನಲ್ಲಿ ಕ್ಯಾಮೆರಾ ಮಾತ್ರ ಅಲ್ಲ, ಮೈಕೂ ಆಫ್ ಮಾಡಿ ಕುಳಿತೆ.

ಆಮೇಲೆ ಗೊತ್ತಾಯಿತು, ನನಗೆ ಐಬಿಎಸ್ ಇದೆ, ಅಂದರೆ ಕರುಳು ಸಣ್ಣದಕ್ಕೂ ಕೆರಳುವ ತೊಂದರೆ. ಆಹಾರತಜ್ಞೆ ಹೇಳಿದ ಪ್ರಕಾರ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳು ನನ್ನ ಕರುಳಿನಲ್ಲಿ ಜೋರಾಗಿ ಹುದುಗುತ್ತವೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಮಾಡಿದ ಪಟ್ಟಿ ಅದು. ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ವಾಪಸ್ ತಂದು ನೋಡಬೇಕು. ತಮಾಷೆ ಅಂದರೆ ಸ್ವಲ್ಪ ಗಟ್ಟಿ ಇರುವ ಬಾಳೆಹಣ್ಣು ನನಗೆ ಒಗ್ಗುತ್ತದೆ, ಚೆನ್ನಾಗಿ ಕಳಿತದ್ದು ಒಗ್ಗುವುದಿಲ್ಲ. ಅಮ್ಮ ಇದನ್ನು ಇವತ್ತಿಗೂ ನಂಬಿಲ್ಲ. ನಾರಿನಲ್ಲಿ ನನಗೆ ಉಪಕಾರ ಮಾಡಿದ್ದು ಇಸಬ್‌ಗೋಲ್ ಒಂದೇ. ಅರ್ಧ ಚಮಚದಿಂದ ಶುರು ಮಾಡಿದೆ.

ರಾತ್ರಿಪಾಳಿ · 7:15

ಇಸಬ್‌ಗೋಲ್ ತೆಗೆದುಕೊಳ್ಳುವವರು ದೊಡ್ಡ ಲೋಟ ತುಂಬ ನೀರಿನ ಜೊತೆ ತೆಗೆದುಕೊಳ್ಳಿ. ಕಡಿಮೆ ನೀರಿಗೆ ಅದು ಗಂಟಲಲ್ಲೇ ಉಬ್ಬುತ್ತದೆ. ಕುಡಿದ ತಕ್ಷಣ ಮಲಗಬೇಡಿ. ಬೇರೆ ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಬಿಡಿ. ಹೃದಯ, ಕಿಡ್ನಿ ತೊಂದರೆಗೆ ನೀರಿನ ಲೆಕ್ಕ ಹೇಳಿಸಿಕೊಂಡವರು ಕೇಳದೆ ನೀರು ಹೆಚ್ಚಿಸಬೇಡಿ. ಮೂರು ನಾಲ್ಕು ವಾರ ಸರಿಯಾಗಿ ಮಾಡಿದ ಮೇಲೂ ನಾರು ಹೆಚ್ಚಿಸಿದಷ್ಟೂ ಕಟ್ಟುತ್ತದೆ ಅನ್ನಿಸಿದರೆ ಇನ್ನೂ ಹೆಚ್ಚಿಸುವುದಲ್ಲ, ನಿಲ್ಲಿಸಿ ತೋರಿಸುವುದು. ಕೆಲವರಿಗೆ ಕರುಳಿನ ಚಲನೆಯೇ ನಿಧಾನ. ಕೆಲವರಿಗೆ ಕೊನೆಯ ಸ್ನಾಯು ಸಡಿಲಿಸಲು ಬರುವುದಿಲ್ಲ. ಅವರಿಗೆ ನಾರು ಅಂದರೆ ಮುಚ್ಚಿದ ಗೇಟಿನ ಮುಂದೆ ಇನ್ನೂ ನಾಲ್ಕು ಲಾರಿ ತಂದು ನಿಲ್ಲಿಸಿದ ಹಾಗೆ.

ಬಾಳೆದಿಂಡು · ಮಂಗಳವಾರ ಬೆಳಿಗ್ಗೆ 6:20

ನಿನ್ನೆ ಅಡುಗೆ ಮನೆಯಲ್ಲಿ ನಿಂತು ಲೆಕ್ಕ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಅಂತ ಹೇಳಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು ಮೂರು ಗ್ರಾಂ ಒಳಗೆ. ರಾಗಿಯಲ್ಲಿ ಸುಮಾರು 11. ನಾವು ಮಲೆನಾಡಿನವರು ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಕಾಲು ಕೆಜಿ ಅಕ್ಕಿ ಹೊಟ್ಟೆಗೆ ಹೋದರೂ ಏಳು ಗ್ರಾಂ. ಉಳಿದ 18 ಎಲ್ಲಿಂದ ಬರಬೇಕು?

ಹಿಂದೆ ಅನ್ನದ ಬದಿಗೆ ಬಡಿಸುತ್ತಿದ್ದದ್ದರಿಂದ ಬರುತ್ತಿತ್ತು. ಕೆಂಪಕ್ಕಿ ಇತ್ತು. ಬಾಳೆದಿಂಡಿನ ಪಲ್ಯ, ಬಾಳೆಹೂವಿನ ಚಟ್ನಿ, ಎಳೆ ಹಲಸಿನಕಾಯಿ ಹುಳಿ, ಕಳಲೆ, ಪತ್ರೊಡೆ, ಹಿತ್ತಲಿನ ಒಂದೆಲಗ, ಬಸಳೆ. ಇವೆಲ್ಲ ಯಾರೂ ನಾರಿಗೆ ಅಂತ ಮಾಡಿದ್ದಲ್ಲ. ದುಡ್ಡು ಕೊಡದೆ ಸಿಗುತ್ತಿತ್ತು ಅಂತ ಮಾಡಿದ್ದು. ಈಗ ಅಕ್ಕಿ ಮಾತ್ರ ಉಳಿದಿದೆ, ಬದಿ ಹೋಗಿದೆ.

ಹಾಗಂತ ಅಜ್ಜಿಯರು ಎಲ್ಲ ಸರಿ ಮಾಡುತ್ತಿದ್ದರು ಅಂತಲೂ ಇಲ್ಲ. ಹುರುಳಿ ಕಟ್ಟಿನ ಸಾರು ನೋಡಿ. ಹುರುಳಿ ಬೇಯಿಸಿ ಕಟ್ಟು ಬಸಿದು ನಾವು ಉಂಡೆವು. ಬೆಂದ ಕಾಳು ಕೊಟ್ಟಿಗೆಗೆ. ತೌಡು ಕೊಟ್ಟಿಗೆಗೆ. ಅಕ್ಕಚ್ಚು ಕೊಟ್ಟಿಗೆಗೆ. ನಮ್ಮ ಮನೆಯಲ್ಲಿ ಸರಿಯಾಗಿ ನಾರು ತಿಂದದ್ದು ಎಮ್ಮೆ.

ದಿಂಡು ಹೆಚ್ಚುವಾಗ ಒಂದು ಮಾತು. ಪ್ರತಿ ಬಿಲ್ಲೆಗೂ ಎಳೆ ಬರುತ್ತದೆ, ಬೆರಳಿಗೆ ಸುತ್ತಿ ತೆಗೆಯಲೇಬೇಕು. ಅದು ಉಳಿದರೆ ಬಾಯಿಗೆ ದಾರ ಸಿಕ್ಕಿದ ಹಾಗೆ. ನಾರು ಬೇಕು ಅಂತ ಅದನ್ನು ಹಾಗೇ ಉಳಿಸಬೇಡಿ. ತೆಗೆದ ಮೇಲೂ ಬೇಕಾದಷ್ಟು ಉಳಿಯುತ್ತದೆ. ಹೆಚ್ಚಿದ್ದನ್ನು ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ.

ತೌಡು ತಿನ್ನುವವರು ದಪ್ಪನೆಯದ್ದನ್ನು ತಿನ್ನಿ. ಹಿಟ್ಟಿನ ಹಾಗೆ ನುಣ್ಣಗೆ ಬೀಸಿದ್ದು ಅಷ್ಟು ಕೆಲಸ ಮಾಡುವುದಿಲ್ಲ, ಕೆಲವರಿಗೆ ಗಟ್ಟಿ ಮಾಡುವುದೂ ಉಂಟು. ಒರಟು ಚೂರು ಕರುಳಿನ ಗೋಡೆಗೆ ತಾಗಿದಾಗ ಗೋಡೆ ನೀರು, ಲೋಳೆ ಬಿಡುತ್ತದೆ. ಅದರ ಗುಟ್ಟು ಅಷ್ಟೇ.

ಕೊನೆಗಾರ · 7:05

ಕ್ಯಾನ್ಸರ್ ಮಾತು ಹಾಗೇ ಉಳಿಯಿತು ಟೀಚರ್. ಅದೂ ಬುರುಡೆಯಾ?

ಬಾಳೆದಿಂಡು · 8:30

ಪೂರ್ತಿ ಬುರುಡೆ ಅಲ್ಲ, ಅತ್ತಿಗೆಯವರ ಸಂದೇಶದಷ್ಟು ನೆಟ್ಟಗೂ ಇಲ್ಲ.

ಯುಗಾಂಡಾದಲ್ಲಿ ವರ್ಷಗಟ್ಟಲೆ ಸರ್ಜನ್ ಆಗಿದ್ದ ಡೆನಿಸ್ ಬರ್ಕಿಟ್ 1970ರ ದಶಕದಲ್ಲಿ ಈ ಮಾತು ಎತ್ತಿದರು. ಆಫ್ರಿಕದ ಹಳ್ಳಿ ಜನರ ಮಲ ತೂಕ ಜಾಸ್ತಿ, ಬೇಗ ಹೊರಬರುತ್ತದೆ, ಅವರಲ್ಲಿ ದೊಡ್ಡ ಕರುಳಿನ ಕಾಯಿಲೆಗಳು ಅಪರೂಪ ಅಂತ. ಅದು ನೋಡಿ ಹೇಳಿದ ಮಾತು. ಊಟ ಬದಲಿಸಿ ನೋಡಿದ ಪರೀಕ್ಷೆ 2015ರಲ್ಲಿ ಬಂತು. ಅಮೆರಿಕದ ಪಿಟ್ಸ್‌ಬರ್ಗಿನ 20 ಆಫ್ರಿಕನ್ ಅಮೆರಿಕನ್ನರಿಗೆ ಎರಡು ವಾರ ನಾರು ಹೆಚ್ಚು, ಕೊಬ್ಬು ಕಡಿಮೆ ಇರುವ ಊಟ. ದಕ್ಷಿಣ ಆಫ್ರಿಕದ 20 ಹಳ್ಳಿಗರಿಗೆ ಅಮೆರಿಕದ ಊಟ. ಎರಡೇ ವಾರದಲ್ಲಿ ಮೊದಲಿನವರ ಕರುಳಿನಲ್ಲಿ ಬ್ಯುಟಿರೇಟ್ ಏರಿತು, ಒಳಗೋಡೆಯ ಉರಿಯೂತ ಇಳಿಯಿತು. ಎರಡನೆಯವರಿಗೆ ಉಲ್ಟಾ. ಆದರೆ ಉರಿಯೂತ ಇಳಿದದ್ದನ್ನೇ ಕ್ಯಾನ್ಸರ್ ತಪ್ಪಿತು ಅಂತ ಓದಬಾರದು.

ರೆಸಿಸ್ಟೆಂಟ್ ಸ್ಟಾರ್ಚನ್ನೇ ನೇರ ಪರೀಕ್ಷಿಸಿದ್ದು ಕ್ಯಾಪ್ 2 ಅನ್ನುವ ಅಧ್ಯಯನ. ಲಿಂಚ್ ಸಿಂಡ್ರೋಮ್ ಅಂತ ವಂಶದಲ್ಲಿ ಬರುವ ತೊಂದರೆ ಇದೆ, ಅವರಿಗೆ ಕರುಳಿನ ಕ್ಯಾನ್ಸರ್ ಅಪಾಯ ಬಹಳ. ಅಂಥ ಸುಮಾರು ಸಾವಿರ ಜನರನ್ನು ಸೇರಿಸಿ, ಅರ್ಧದಷ್ಟು ಜನರಿಗೆ ದಿನಕ್ಕೆ 30 ಗ್ರಾಂ ಈ ಪಿಷ್ಟದ ಪುಡಿ ಕೊಟ್ಟು, ವರ್ಷಗಟ್ಟಲೆ ನೋಡಿದರು. ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ ಆಗಲಿಲ್ಲ. ಆದರೆ ಜಠರ, ಮೇದೋಜೀರಕ ಗ್ರಂಥಿ ಮುಂತಾದ ಬೇರೆ ಕಡೆಯ ಕ್ಯಾನ್ಸರ್‌ಗಳು ಸುಮಾರು ಅರ್ಧಕ್ಕೆ ಇಳಿದವು. 2022ರಲ್ಲಿ ಬಂದ ಫಲಿತಾಂಶ ಅದು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಅದನ್ನು ನಮಗೆಲ್ಲ ಅನ್ವಯಿಸಲು ಬರುವುದಿಲ್ಲ. 30 ಗ್ರಾಂ ಅಂದರೆ ಎಷ್ಟು ತಂಗಳನ್ನ ಅಂತ ನೀವೇ ಲೆಕ್ಕ ಹಾಕಿ. ಸುಮಾರು ಎರಡು ಕೆಜಿ ಬರುತ್ತದೆ!

ಬ್ಯಾಕ್ಟೀರಿಯಾ ಮಾತೂ ಇದೆ. ಈ ಪಿಷ್ಟವನ್ನು ಮೊದಲು ಒಡೆಯುವುದು ರುಮಿನೊಕಾಕಸ್ ಬ್ರೋಮಿಯೈನಂಥ ಕೆಲವೇ ಜಾತಿ. ಅದು ಒಡೆದು ಚೂರು ಮಾಡಿದ ಮೇಲೆ ಉಳಿದವು ಊಟಕ್ಕೆ ಕೂರುತ್ತವೆ. ಎಲ್ಲರ ಕರುಳಿನಲ್ಲೂ ಅದು ಒಂದೇ ಸಮ ಇರುವುದಿಲ್ಲ. ಒಂದೇ ಪುಡಿ ತಿಂದು ಒಬ್ಬರಿಗೆ ಬ್ಯುಟಿರೇಟ್ ಏರಿ ಇನ್ನೊಬ್ಬರಿಗೆ ಏರದೇ ಇರುವುದಕ್ಕೆ ಅದೂ ಒಂದು ಕಾರಣ.

ನಿರ್ವಾಹಕ · 10:00

ಇಲ್ಲಿ ಯಾವ ಪುಡಿ, ಯಾವ ಡಾಕ್ಟರ್, ಯಾವ ನಾಟಿ ವೈದ್ಯ ಅಂತ ಹೆಸರು ಹಾಕಬೇಡಿ. ಎರಡು ಉತ್ತರ ಅಳಿಸಿದ್ದೇನೆ. ಮಲದ ಫೋಟೊ ಹಾಕಿದವರೂ ದಯವಿಟ್ಟು ಹಾಕಬೇಡಿ. ಮಲ ಎಷ್ಟು ಗಟ್ಟಿ, ಎಷ್ಟು ತೆಳು ಅಂತ ಹೇಳುವ ಬ್ರಿಸ್ಟಲ್ ಪಟ್ಟಿ ಅಂತ ಒಂದಿದೆ, ಒಂದರಿಂದ ಏಳರವರೆಗೆ. ನಂಬರ್ ಹೇಳಿದರೆ ಸಾಕು.

ಕೊನೆಗಾರ · 10:04

ನಾನಲ್ಲ ಸ್ವಾಮಿ. ನಾನು ನಾಲ್ಕು.

ತುಂಗಾದಂಡೆ · ಎರಡು ವಾರದ ಮೇಲೆ, ಭಾನುವಾರ ಸಂಜೆ 5:30

ಸುದ್ದಿ ಹೇಳದೆ ಮಾಯವಾದೆ ಅಂತ ಬೈಯಬೇಡಿ. ಡಾಕ್ಟರಿಗೆ ತೋರಿಸಿದೆವು. ಥೈರಾಯಿಡ್ ಸರಿ ಇದೆ, ರಕ್ತವೂ ಸರಿ ಇದೆ, ತೂಕ ಇಳಿದಿಲ್ಲ. ಕ್ಯಾಲ್ಸಿಯಂ ಮಾತ್ರೆ ಬದಲಿಸಿದರು. ಆದರೆ ನಿಜವಾದ ವಿಷಯ ಗೊತ್ತಾದದ್ದು ಅಮ್ಮನಿಂದ. ನಮ್ಮ ಕಕ್ಕಸು ಹಾಲ್‌ಗೆ ಅಂಟಿಕೊಂಡಿದೆ. ಬೆಳಿಗ್ಗೆ ಕಾಫಿ ಆದ ಮೇಲೆ ಅಪ್ಪಯ್ಯನಿಗೆ ಬರುತ್ತದೆ, ಆಗ ಮಕ್ಕಳು ಶಾಲೆಗೆ, ನಾವು ಆಫೀಸಿಗೆ ಅಂತ ಹಾಲ್ ತುಂಬ ಜನ. ನಾಚಿಕೆಯಾಗಿ ತಡೆದುಕೊಂಡು ಕೂರುತ್ತಿದ್ದರಂತೆ. ಎಲ್ಲರೂ ಹೋದ ಮೇಲೆ ಹತ್ತು ಗಂಟೆಗೆ ಹೋದರೆ ಬರುವುದಿಲ್ಲ. ಮೂರು ತಿಂಗಳು ನಮಗೆ ಇದು ತಿಳಿಯಲೇ ಇಲ್ಲ.

ಈಗ 6:15ಕ್ಕೆ ಅವರ ಕಾಫಿ. ಆಮೇಲೆ ಕಕ್ಕಸು ಅವರದ್ದು, ಯಾರೂ ಆ ಕಡೆ ಸುಳಿಯುವುದಿಲ್ಲ. ಕಮೋಡಿನಲ್ಲಿ ಕಾಲು ಎತ್ತರಕ್ಕೆ ಇಟ್ಟರೆ ಸುಲಭ ಅಂತ ಎಲ್ಲೋ ಓದಿ ಎರಡು ಮಣೆ ಒಂದರ ಮೇಲೊಂದು ಇಟ್ಟೆ. ಊಟಕ್ಕೆ ಕೂರುವ ಮಣೆ ಕಕ್ಕಸಿಗಾ ಅಂತ ಅಮ್ಮ ಎರಡು ದಿನ ಮಾತು ಬಿಟ್ಟರು.

ಊಟದಲ್ಲಿ ಬೆಳಿಗ್ಗೆ ವಾರಕ್ಕೆ ನಾಲ್ಕು ದಿನ ರಾಗಿ ರೊಟ್ಟಿ, ಮಧ್ಯಾಹ್ನ ಒಂದು ದಿನ ಬಿಟ್ಟು ಒಂದು ದಿನ ದಿಂಡು ಇಲ್ಲವೇ ಎಳೆ ಹಲಸಿನಕಾಯಿ, ಹುರುಳಿ ಕಾಳನ್ನು ಈಗ ನಾವೇ ತಿನ್ನುತ್ತೇವೆ (ಇಲ್ಲಿ ಎಮ್ಮೆಯೂ ಇಲ್ಲ). ಸಂಜೆ ಐದರೊಳಗೆ ನೀರಿನ ಲೆಕ್ಕ ಮುಗಿಸುತ್ತಾರೆ. ಮೊದಲ ವಾರ ಗ್ಯಾಸ್ ಅಂತ ಗೊಣಗಿದರು. ಈಗ ಹೆಚ್ಚು ಕಡಿಮೆ ದಿನಾ ಆಗುತ್ತಿದೆ, ಒಂದೊಂದು ದಿನ ತಪ್ಪುತ್ತದೆ. ಯಾವುದರಿಂದ ಸರಿ ಹೋಯಿತು ಅಂತ ಕೇಳಬೇಡಿ, ಎಲ್ಲ ಒಟ್ಟಿಗೇ ಬದಲಿಸಿದೆವು. ಅಪ್ಪಯ್ಯನನ್ನು ಕೇಳಿದರೆ ತಂಗಳನ್ನದಿಂದ ಅಂತಾರೆ. ಬಿಟ್ಟಿಲ್ಲ ಅದನ್ನು. ಫ್ರಿಜ್ಜಿನಿಂದ ತೆಗೆದು ಕೊಡುತ್ತೇನೆ.

ರಾತ್ರಿಪಾಳಿ · 6:10

ಕೇಳಿ ಖುಷಿಯಾಯಿತು. ಮಣೆ ಜಾರುತ್ತದೆ ಅಕ್ಕ, ಆ ವಯಸ್ಸಿಗೆ ಬಿದ್ದರೆ ಸೊಂಟ. ಅಡಿಗೆ ರಬ್ಬರ್ ಇರುವ ಸಣ್ಣ ಸ್ಟೂಲ್ ತನ್ನಿ, ಅಮ್ಮನ ಜೊತೆ ರಾಜಿಯೂ ಆಗುತ್ತದೆ.

ಹಕ್ಕಿ ಅಣ್ಣ, ನೀವು ಆವತ್ತು ಉತ್ತರ ಕೊಡಲಿಲ್ಲ.

ಮಲೆನಾಡಹಕ್ಕಿ · ರಾತ್ರಿ 11:20

ನನ್ನದೇ ವಿಷಯ ಸಿಸ್ಟರ್. ನಾಲ್ಕು ತಿಂಗಳಿನಿಂದ ರಕ್ತ. ಮೂಲವ್ಯಾಧಿ ಅಂತ ನಾನೇ ತೀರ್ಮಾನ ಮಾಡಿ ಒಂದು ಕಡೆ ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದೆ. ಪಥ್ಯ ಅಂತ ತುಪ್ಪ, ಮಜ್ಜಿಗೆ ಅನ್ನ. ನೀವು ಕೇಳಿದ ಮೇಲೆ ಹೆಂಡತಿಗೆ ಹೇಳಿದೆ. ಅದಕ್ಕೂ ಮೊದಲು ಅವಳಿಗೂ ಹೇಳಿರಲಿಲ್ಲ. ಹೋದ ವಾರ ತೋರಿಸಿದೆವು. ಮೂಲವ್ಯಾಧಿ ಇರುವುದು ಹೌದಂತೆ, ಆದರೆ ಅದೊಂದೇ ಅಂತ ಹೇಳಲು ಆಗುವುದಿಲ್ಲವಂತೆ. ವಯಸ್ಸು 54, ರಕ್ತ 9ಕ್ಕೆ ಇಳಿದಿದೆ. ಗುರುವಾರ ಕೊಲೊನೋಸ್ಕೋಪಿ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುತ್ತಾರಂತೆ.

ತಮಾಷೆ ನೋಡಿ, ಅದಕ್ಕೆ ಮೊದಲು ಮೂರು ದಿನ ನಾರು ಇರುವ ಯಾವುದನ್ನೂ ತಿನ್ನಬಾರದಂತೆ. ಸೊಪ್ಪು ಇಲ್ಲ, ಕಾಳು ಇಲ್ಲ, ಬೀಜ ಇಲ್ಲ, ರಾಗಿ ಇಲ್ಲ. ಬಿಳಿ ಅನ್ನ, ತಿಳಿ ಸಾರು. ಈ ಚರ್ಚೆ ಓದುತ್ತಾ ಕೂತಿದ್ದೇನೆ.

ರಾತ್ರಿಪಾಳಿ · 11:26

ಹೋಗಿದ್ದು ಒಳ್ಳೆಯದಾಯಿತು ಅಣ್ಣ. ಹೊಟ್ಟೆ ಖಾಲಿ ಮಾಡುವ ಔಷಧಿ ಕೊಡುತ್ತಾರೆ. ಹೇಳಿದಷ್ಟು ಪೂರ್ತಿ ಕುಡಿಯಿರಿ, ರುಚಿ ಚೆನ್ನಾಗಿರುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಒಳಗೆ ಏನೂ ಕಾಣದೆ ಮತ್ತೊಂದು ಸಲ ಮಾಡಬೇಕಾಗುತ್ತದೆ. ಮನೆಗೆ ಕರೆದುಕೊಂಡು ಹೋಗಲು ಜೊತೆಗೆ ಒಬ್ಬರು ಇರಲಿ.

ಬಾಳೆದಿಂಡು · ಸೋಮವಾರ ಬೆಳಿಗ್ಗೆ 6:15

ಗುರುವಾರ ಸಂಜೆ ಎರಡು ಸಾಲು ಬರೆಯಿರಿ. ಕಾಯುತ್ತಿರುತ್ತೇವೆ.

ಕೊನೆಗಾರ · 6:40

ಅಣ್ಣ, ನಮ್ಮ ತೋಟದಲ್ಲಿ ಮೊನ್ನೆ ಗೊನೆ ಕಡಿದ ಬಾಳೆ ಮೂರಿವೆ. ದಿಂಡು ಇವತ್ತು ತೆಗೆಯುವುದಿಲ್ಲ. ನೀವು ವಾಪಸ್ ಬಂದು, ತಿನ್ನಬಹುದು ಅಂತ ಅವರು ಹೇಳಿದ ದಿನ ಫೋನ್ ಮಾಡಿ. ಬೆಳಗಿನ ಬಸ್ಸಿಗೆ ಕಳಿಸುತ್ತೇನೆ.